ಕತ್ತೆ ಹುಡುಕಿದ ದಾರಿ

ಬೊನೊಲೊಳನ್ನು ನನ್ನ ಅಣ್ಣನಿಗೆ ಕೇಳಲು ಹೋದ ನಮ್ಮವರನ್ನು ಅವಳ ಮನೆಯವರು ಒಂದು ಸಲ ಗೇಟಿನಿಂದಲೇ ವಾಪಸು ಕಳಿಸಿದ್ದರು. ಅದು ಏಪ್ರಿಲ್ ತಿಂಗಳಲ್ಲಿ. ಹೆಣ್ಣು ಕೇಳಲು ಹೋಗುವವರು ಸೂರ್ಯ ಹುಟ್ಟುವ ಮೊದಲೇ ಹೋಗಿ ಗೇಟಿನ ಹೊರಗೆ ನಿಲ್ಲಬೇಕು. ಗಂಡಸರು ಕೋಟು ಹಾಕಿರಬೇಕು, ಹೆಂಗಸರು ಹೆಗಲ ತುಂಬ ಕಂಬಳಿ ಹೊದ್ದಿರಬೇಕು. ಎಲ್ಲ ಸರಿಯಾಗಿಯೇ ಇತ್ತು. ಆದರೆ ಒಳಗಿನಿಂದ ಬಂದ ಹೆಣ್ಣಿನ ಕಡೆಯ ಮುದುಕ ಒಬ್ಬೊಬ್ಬರ ಮುಖವನ್ನೂ ನೋಡಿ, "ಹುಡುಗನ ಸೋದರಮಾವ ಎಲ್ಲಿ?" ಎಂದು ಕೇಳಿದ.

"ದನದ ದೊಡ್ಡಿಯಲ್ಲಿದ್ದಾನೆ," ಎಂದರು ನಮ್ಮವರು.

"ಹಂಗಾದ್ರೆ ಹೆಣ್ಣನ್ನೂ ಅಲ್ಲೇ ಹೋಗಿ ದನಗಳ ಹತ್ರ ಕೇಳ್ರಿ," ಎಂದು ಅವನು ಗೇಟು ಹಾಕಿಕೊಂಡ.

ಅವತ್ತಿನಿಂದ ನನ್ನ ಅಣ್ಣ ಒಟ್ಸಿಲೆ ಊಟ ಬಿಟ್ಟಿದ್ದಾನೆ ಎಂದು ಅಮ್ಮ ಎಲ್ಲರಿಗೂ ಹೇಳುತ್ತಿದ್ದಳು. ನಾನು ನೋಡಿದಂತೆ ಊಟ ಮಾಡುತ್ತಿದ್ದ, ಮಾತು ಬಿಟ್ಟಿದ್ದ. ಒಂದೇ ಕೋಣೆಯಲ್ಲಿ ಮಲಗುವ ನನಗೆ ಆ ವ್ಯತ್ಯಾಸ ಗೊತ್ತಾಗುತ್ತಿತ್ತು. ಮಾತಿಲ್ಲದ ಮನುಷ್ಯನ ಪಕ್ಕದಲ್ಲಿ ಮಲಗುವುದು ನನಗೆ ಕಷ್ಟವಲ್ಲ, ನಾನೂ ಅದೇ ಜಾತಿಯವನು. ಆದರೆ ಅವನು ಆ ಜಾತಿಯವನಲ್ಲ.

ಸೆಪ್ಟೆಂಬರ್‌ನಲ್ಲಿ ಎರಡನೇ ಸಲ ದಿನ ಗೊತ್ತಾಯಿತು. ಶನಿವಾರ ಬೆಳಗಿನ ಜಾವ. ಬೊನೊಲೊಳ ಮಾವಂದಿರಿಬ್ಬರು ದಕ್ಷಿಣದ ಗಣಿಗಳಿಂದ ರಜೆ ಹಾಕಿ ಬಂದಿದ್ದರು. ಭಾನುವಾರ ಹೊರಟರೆ ಅವರು ಮತ್ತೆ ಬರುವುದು ಕ್ರಿಸ್‌ಮಸ್‌ಗೆ. "ಮೂರನೇ ಸಲ ಅನ್ನೋದು ನಮ್ಮನೇಲಿ ಇಲ್ಲ," ಎಂದು ಮುದುಕ ಹೇಳಿ ಕಳಿಸಿದ್ದ.

ನಮ್ಮ ಸೋದರಮಾವ ರಮೊಗಾಪಿ ಅಮ್ಮನ ಒಬ್ಬನೇ ತಮ್ಮ. ಊರಿನಿಂದ ಸುಮಾರು ಎಪ್ಪತ್ತೈದು ಕಿಲೋಮೀಟರ್ ದೂರದಲ್ಲಿ, ಬರೀ ಮರಳು ಮತ್ತು ಮುಳ್ಳುಜಾಲಿಯ ನಡುವೆ, ತನ್ನ ದನಗಳ ಜೊತೆ ಇರುತ್ತಾನೆ. ಅಲ್ಲಿ ಫೋನು ಹಿಡಿಯುವುದಿಲ್ಲ. ಎರಡು ವಾರದ ಹಿಂದೆ ಕೊಳವೆಬಾವಿಯ ಇಂಜಿನ್ ರಿಪೇರಿಯವನ ಕೈಯಲ್ಲಿ ಸುದ್ದಿ ಕಳಿಸಿದ್ದೆವು. ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಹಾಗಾಗಿ ಶುಕ್ರವಾರ ಯಾರಾದರೂ ಹೋಗಿ ಅವನನ್ನು ಕರೆದುತರಲೇಬೇಕಿತ್ತು. ದಾರಿ ಗೊತ್ತಿದ್ದ ಚಿಕ್ಕಪ್ಪನ ಮಗ ಕೆಲಸದ ಮೇಲೆ ಉತ್ತರಕ್ಕೆ ಹೋಗಿದ್ದ.

"ನಾನು ಹೋಗ್ತೀನಿ," ಎಂದೆ. "ಫೋನಿನ ನಕಾಶೆಯಲ್ಲಿ ದಾರಿ ಇದೆ."

"ಆ ಕಾಡಿನ ದಾರಿ ನಕಾಶೆಗೆ ಯಾರು ಹಾಕಿದ್ರು?" ಎಂದು ಅಪ್ಪ ಕೇಳಿದ.

"ನಾನೇ."

ಎಲ್ಲರೂ ನನ್ನನ್ನು ಗೌರವದಿಂದ ನೋಡಿದರು. ಭೂಗೋಳದಲ್ಲಿ ಪದವಿ ಪಡೆದು ಎರಡು ವರ್ಷದಿಂದ ಮನೆಯಲ್ಲಿ ಕೂತವನಿಗೆ ಅಂಥ ನೋಟ ಅಪರೂಪ. ನಾನು ಸ್ವಲ್ಪ ಹೊತ್ತು ಅದರಲ್ಲೇ ನಿಂತುಕೊಂಡೆ.

ಗಾಡಿ ನನ್ನ ಸೋದರತ್ತೆಯದು. ಹಳೆಯ ಬಿಳಿ ಪಿಕಪ್. ಅತ್ತೆ ಗಾಡಿ ಕೊಡುತ್ತಾಳೆ, ಆದರೆ ಗಾಡಿಯ ಜೊತೆ ತಾನೂ ಬರುತ್ತಾಳೆ. ಅದು ಅವಳ ಕರಾರು. ಮೊದಲ ಮಗಳ ಹೆಸರಿನಿಂದ ಊರೆಲ್ಲ ಅವಳನ್ನು ವಾಮೆಯ ಅಮ್ಮ ಎಂದೇ ಕರೆಯುವುದು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಗಂಜಿ ಬೇಯಿಸಿದವಳು. ಅದಕ್ಕೂ ಮೊದಲು, ಹುಡುಗಿಯಾಗಿದ್ದಾಗ, ಅಜ್ಜನ ದನ ಕಾಯುತ್ತಿದ್ದಳು. ಅಮ್ಮನ ಕಡೆಯ ದೊಡ್ಡಿಗೆ ಮಾತ್ರ ಅವಳು ಯಾವತ್ತೂ ಹೋಗಿರಲಿಲ್ಲ.

ನಾನು ಹೋಗಿದ್ದೆ, ಬೇಕಾದಷ್ಟು ಸಲ. ಆದರೆ ಯಾವಾಗಲೂ ಪಿಕಪ್ಪಿನ ಹಿಂದೆ, ನೀರಿನ ಡ್ರಮ್ಮುಗಳ ನಡುವೆ, ಬಂದ ದಾರಿಗೆ ಮುಖ ಮಾಡಿ ಕೂತು. ಆ ದಾರಿ ನನ್ನ ನೆನಪಿನಲ್ಲಿ ಹಿಂದಕ್ಕೆ ಓಡುವ ಮರಗಳ ಸಾಲು, ಅಷ್ಟೇ.

ಬೆಳಿಗ್ಗೆ ಹತ್ತಕ್ಕೆ ಹೊರಟೆವು. ಅತ್ತೆ ಕರಿದ ಹಿಟ್ಟಿನ ಉಂಡೆಗಳ ಡಬ್ಬಿ, ಶುಂಠಿ ಪಾನಕದ ಬಾಟಲಿ ತಂದಿದ್ದಳು. ಗಾಡಿಯ ಗಾಳಿಕಿಂಡಿಗೆ ರಬ್ಬರ್ ಬ್ಯಾಂಡಿನಿಂದ ಫೋನು ಕಟ್ಟಿದೆ. ಊರು ದಾಟಿದ ಮೇಲೆ ಫೋನಿನ ಮೂಲೆಯ ಗೆರೆಗಳು ಒಂದೊಂದಾಗಿ ಆರಿದವು.

"ನೆಟ್‌ವರ್ಕ್ ಹೋಯ್ತಲ್ಲೋ ಫೆನ್ಯೊ," ಎಂದಳು ಅತ್ತೆ.

"ಹೋಗ್ಲಿ ಅತ್ತೆ. ನಕಾಶೆ ನಿನ್ನೆ ರಾತ್ರೀನೇ ಇಳಿಸಿಟ್ಟಿದ್ದೀನಿ. ನಾವು ಎಲ್ಲಿದ್ದೀವಿ ಅಂತ ಉಪಗ್ರಹ ಹೇಳುತ್ತೆ, ಅದಕ್ಕೆ ನೆಟ್‌ವರ್ಕ್ ಬೇಡ."

"ಡ್ರಮ್ಮಿಗೆ ನೀರು ತುಂಬ್ಕೊಂಡ ಹಂಗೆ."

"ಅದೇ."

"ತೂತು ಇದ್ಯಾ ಅಂತ ನೋಡ್ಕೊಂಡ್ಯಾ?"

ನಾನು ನಕ್ಕೆ. ಆಗ ನಗು ಬರುತ್ತಿತ್ತು.

ಅರವತ್ತು ಕಿಲೋಮೀಟರ್ ಜಲ್ಲಿರಸ್ತೆ ಸುಖವಾಗಿ ಕಳೆಯಿತು. ಜಾನುವಾರು ರೋಗ ತಡೆಯುವ ಉದ್ದನೆಯ ತಂತಿಬೇಲಿಯ ಗೇಟಿನಲ್ಲಿ ಇಳಿದು, ಕಾವಲುಗಾರನಿಗೆ ದುಮೆಲಾ ಎಂದು ನಮಸ್ಕಾರ ಹೇಳಿ, ಅವನ ಮನೆಯವರು, ಅವನ ಆಡುಗಳು ಎಲ್ಲರ ಕ್ಷೇಮ ಕೇಳಿ, ನಮ್ಮದೂ ಹೇಳಿ, ಮರಳಲ್ಲಿ ಹೂತುಹೋಗದಿರಲೆಂದು ಚಕ್ರಗಳ ಗಾಳಿ ಸ್ವಲ್ಪ ಇಳಿಸಿ ಮುಂದೆ ಹೋದೆವು. ಅಲ್ಲಿಂದ ಎರಡು ಗಾಲಿಗುರುತುಗಳು ಪೊದೆಯೊಳಗೆ ಇಳಿಯುತ್ತಿದ್ದವು. ಸ್ವಲ್ಪ ದೂರ ಫೋನಿನಲ್ಲಿ ದಾರಿ ಹೇಳುವ ಹೆಂಗಸೂ ಗಾಲಿಗುರುತೂ ಒಪ್ಪಿಕೊಂಡೇ ಹೋದರು. ಆಮೇಲೆ ಗುರುತು ಬಲಕ್ಕೆ ಹೋಯಿತು. "ಎಡಕ್ಕೆ ತಿರುಗಿ," ಎಂದಳು ಆಕೆ.

"ಗಾಲಿ ಆ ಕಡೆ ಹೋಗಿದೆಯಲ್ಲೋ," ಎಂದಳು ಅತ್ತೆ.

"ಅದು ಬೇರೆ ಯಾರದೋ ದೊಡ್ಡಿಗೆ," ಎಂದೆ. ಎಷ್ಟು ಖಚಿತವಾಗಿ ಹೇಳಿದೆನೆಂದರೆ ಎಡಕ್ಕೆ ದಾರಿಯೇ ಇಲ್ಲ ಎನ್ನುವುದು ನನ್ನ ಕಣ್ಣಿಗೇ ಬೀಳಲಿಲ್ಲ.

ಅಲ್ಲಿಂದ ಎರಡೂವರೆ ಗಂಟೆ ನಾವು ಹೋದದ್ದು ದಾರಿಯಲ್ಲ. ಪೊದೆಗಳು ಗಾಡಿಯ ಎರಡೂ ಬದಿ ಕೆರೆಯುತ್ತಿದ್ದವು. ಎರಡು ಸಲ ಮರಳಲ್ಲಿ ಹೂತು, ಗುದ್ದಲಿಯಿಂದ ಬಿಡಿಸಿದೆವು. ಫೋನಿನ ಹೆಂಗಸು ಮಾತ್ರ ತಣ್ಣಗೆ ಹೇಳುತ್ತಲೇ ಇದ್ದಳು. ಒಂದು ದೊಡ್ಡ ಜಾಲಿಮರ ಬಂತು. "ಬಲಕ್ಕೆ ತಿರುಗಿ," ಎಂದಳು. ತಿರುಗಿದೆ. "ಬಲಕ್ಕೆ ತಿರುಗಿ." ತಿರುಗಿದೆ. "ತೀರಾ ಬಲಕ್ಕೆ ತಿರುಗಿ. ಎಡಕ್ಕೆ ತಿರುಗಿ. ಬಲಕ್ಕೆ ತಿರುಗಿ."

ಮೂರನೇ ಸುತ್ತಿನಲ್ಲಿ ಮರದ ಮೇಲೆ ಕೂತಿದ್ದ ಹಳದಿ ಕೊಕ್ಕಿನ ಹಕ್ಕಿ ಕುತ್ತಿಗೆ ಓರೆ ಮಾಡಿ ನಮ್ಮನ್ನು ನೋಡಿತು.

"ನಿಲ್ಸು," ಎಂದಳು ಅತ್ತೆ. "ಇವಳಿಗೆ ಏನಾಗಿದೆ? ನಾಯಿ ಮಲಗೋ ಮುಂಚೆ ಸುತ್ತೋ ಹಂಗೆ ಸುತ್ತಿಸ್ತಿದ್ದಾಳೆ."

ನಾನು ಇಂಜಿನ್ ಆರಿಸಿದೆ. ಮಧ್ಯಾಹ್ನದ ಆ ಮೌನ ಬಂದು ಕಿಟಕಿಯಲ್ಲಿ ನಿಂತಿತು. ಫೋನಿನ ಪರದೆಯಲ್ಲಿ ಆ ಜಾಗವನ್ನು ದೊಡ್ಡದು ಮಾಡಿ ನೋಡಿದೆ. ನಮ್ಮ ದಾರಿ ಅಲ್ಲಿ ಉಣ್ಣೆಯ ಉಂಡೆಯಂತೆ ಸಿಕ್ಕುಸಿಕ್ಕಾಗಿತ್ತು. ಮರವನ್ನು ನೋಡಿದೆ. ಕೆಳಗಿನ ಕೊಂಬೆ ಮೊಣಕೈಯಂತೆ ಬಾಗಿತ್ತು. ಆಗ ಎಲ್ಲ ನೆನಪಾಯಿತು.

"ಅತ್ತೆ," ಎಂದೆ. "ಇದು ದಾರಿ ಅಲ್ಲ."

"ಅದು ನನಗೆ ಎರಡೂವರೆ ಗಂಟೆಯಿಂದ ಗೊತ್ತು. ಮತ್ತೇನು?"

ಹೇಳಿದೆ. ನಾಲ್ಕು ವರ್ಷದ ಹಿಂದೆ ರಜೆಯಲ್ಲಿ ಮಾವನ ದೊಡ್ಡಿಯಲ್ಲಿದ್ದೆ. ಅವನ ಮೂರು ಕತ್ತೆಗಳು ಕಳೆದಿದ್ದವು. ಹುಡುಕಿಕೊಂಡು ಬಾ ಎಂದು ಕಳಿಸಿದ. ದಾರಿ ತಪ್ಪಬಾರದೆಂದು ನಡೆದದ್ದೆಲ್ಲವನ್ನೂ ಫೋನಿನಲ್ಲಿ ದಾಖಲಾಗಲು ಬಿಟ್ಟಿದ್ದೆ. ಬೆಳಿಗ್ಗೆ ಹೊರಟು, ತಂತಿಬೇಲಿಯವರೆಗೆ ಹೋಗಿ, ಸಂಜೆ ವಾಪಸು ಬಂದೆ. ಕತ್ತೆ ಸಿಗಲಿಲ್ಲ. ನಾನು ಬರುವಷ್ಟರಲ್ಲಿ ಅವು ದೊಡ್ಡಿಯಲ್ಲಿ ನೀರು ಕುಡಿಯುತ್ತಿದ್ದವು. ಆಮೇಲೆ ವಿಶ್ವವಿದ್ಯಾಲಯದಲ್ಲಿ, ಯಾರು ಬೇಕಾದರೂ ಸೇರಿಸಬಹುದಾದ ನಕಾಶೆಗೆ, ಅದರಲ್ಲಿಲ್ಲದ ಒಂದು ದಾರಿ ಸೇರಿಸಿ ಎಂದು ಮೇಷ್ಟರು ಕೆಲಸ ಕೊಟ್ಟರು. ಮಾರನೇ ದಿನ ಒಪ್ಪಿಸಬೇಕಿತ್ತು. ನನ್ನ ಹತ್ತಿರ ಇದ್ದದ್ದು ಅದೊಂದೇ ಗೆರೆ. ಗಾಡಿದಾರಿ ಎಂದು ಬರೆದು ಹಾಕಿದೆ.

"ಎಷ್ಟು ಮಾರ್ಕ್ಸ್ ಕೊಟ್ರು?"

"ತರಗತಿಗೇ ಹೆಚ್ಚು."

ಅತ್ತೆ ತಲೆಯ ವಸ್ತ್ರ ಬಿಚ್ಚಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ಹೆಗಲು ಕುಲುಕುತ್ತಿತ್ತು. ನಗುತ್ತಿದ್ದಳು.

"ನಿಮ್ಮಣ್ಣನ ಮದುವೆ ಕತ್ತೆ ಹಿಂದೆ ಹೋಗಿದೆ ಕಣೋ! ಅದೂ ಸಿಗದೇ ಇರೋ ಕತ್ತೆ ಹಿಂದೆ!"

ನನಗೆ ನಗು ಬರಲಿಲ್ಲ. ಗಂಟೆ ಮೂರಾಗುತ್ತಿತ್ತು. ಡೀಸೆಲ್ ಮುಳ್ಳು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಕತ್ತಲಾದರೆ ಈ ಪೊದೆಯಲ್ಲಿ ಒಂದು ಗಜವೂ ಚಲಿಸುವಂತಿಲ್ಲ. ಹಿಂದಕ್ಕೆ ಹೋಗಿ ಆ ಗಾಲಿಗುರುತು ಹಿಡಿಯಲು ಇನ್ನೊಂದು ಗಂಟೆ ಬೇಕು. ಅದು ಮುಂದೆ ಎಷ್ಟು ಕವಲಾಗುತ್ತದೋ ಗೊತ್ತಿಲ್ಲ. ನಾಳೆ ಗೇಟಿನಲ್ಲಿ ಮುದುಕ ಮುಖಗಳನ್ನು ಎಣಿಸುವುದು, ಒಟ್ಸಿಲೆ ಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗುವುದು, ಎರಡೂ ಕಣ್ಣ ಮುಂದೆ ಬಂದವು.

ಅತ್ತೆ ಕಣ್ಣೊರೆಸಿಕೊಂಡು ಕೈ ಚಾಚಿದಳು. "ಕೊಡಿಲ್ಲಿ ಅದನ್ನ. ದೊಡ್ಡದು ಹೆಂಗೆ ಮಾಡ್ತಾರೆ? ಎರಡು ಬೆರಳಾ? ಹಾಂ."

ಬಿಸಿಲಿಗೆ ಫೋನು ಕಾದ ಕಲ್ಲಿನಂತಾಗಿತ್ತು. ಅದನ್ನು ಶುಂಠಿ ಪಾನಕದ ಬಾಟಲಿಗೆ ಒತ್ತಿ ಸ್ವಲ್ಪ ತಣ್ಣಗೆ ಮಾಡಿ, ಮೂಗಿನ ಹತ್ತಿರ ಹಿಡಿದು ನೋಡತೊಡಗಿದಳು. ಚಿಕ್ಕಂದಿನಲ್ಲಿ ಅಜ್ಜ ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು ದನದ ಹೆಜ್ಜೆ ನೋಡುತ್ತಿದ್ದುದು ಹೀಗೆಯೇ.

"ಇಲ್ಲಿ ನೀನು ಮಲಗಿದ್ದೆ," ಎಂದಳು, ಉಂಡೆಯ ಮೇಲೆ ಬೆರಳಿಟ್ಟು.

"ಅದು ಉಪಗ್ರಹದ ತಪ್ಪು ಅತ್ತೆ. ಒಂದೇ ಕಡೆ ಇದ್ರೆ ಗೆರೆ ಅತ್ತಿತ್ತ ಹೊರಳಾಡುತ್ತೆ."

"ಅದೇ ಹೇಳಿದ್ದು. ಮಲಗಿದ್ದೆ. ಎಷ್ಟು ಹೊತ್ತು?"

"ಒಂದು... ಎರಡು ಗಂಟೆ."

"ಕತ್ತೆ ಹುಡುಕೋಕೆ ಬಂದೋನು." ಬೆರಳು ಮುಂದೆ ಹೋಯಿತು. "ಎದ್ದ ಮೇಲೆ ಇಲ್ಲಿ ಗೊರಸಿನ ಗುರುತು ಕಂಡಿದೆ ನಿನಗೆ. ಅತ್ತ ಇತ್ತ ಹಾವಿನ ಥರ ಹೋಗಿದ್ದೀಯ. ಇಲ್ಲಿ ಕಳ್ಕೊಂಡೆ. ಇಲ್ಲಿ... ಇದೇನೋ ಇಷ್ಟು ದೊಡ್ಡ ಸುತ್ತು? ಏನೋ ಕಂಡು ಹೆದರಿದ್ದೀಯ."

"ಸಿಂಹದ ಹೆಜ್ಜೆ ಅಂದ್ಕೊಂಡೆ."

"ಆಗಿತ್ತಾ?"

"ಇಲ್ಲ. ನಾಯಿದು."

"ದೇವರೇ." ಬೆರಳು ನಿಂತಿತು. "ಇಲ್ಲಿ ನೋಡು. ಇಲ್ಲಿಂದ ಆಚೆಗೆ ಗೆರೆ ನೇರ ಇದೆ. ದಾರ ಎಳೆದ ಹಾಗಿದೆ. ಹೊತ್ತು ಇಳೀತಿದೆ, ಕತ್ತೆ ಬೇಕಾಗಿಲ್ಲ, ಹೊಟ್ಟೆ ಹಸಿದಿದೆ. ಹಸಿದೋನು ಸುತ್ತಿ ಹೋಗಲ್ಲ. ಮನೆ ಕಡೆ ನೇರ ಹೋಗ್ತಾನೆ. ಈ ಗೆರೆಯಲ್ಲಿ ನಂಬಬಹುದಾದ ಜಾಗ ಇದೊಂದೇ."

ಅವಳು ಮರದಿಂದ ಆ ನೇರ ಗೆರೆಯ ಶುರುವಿಗೆ ಹೆಬ್ಬೆರಳಿನಿಂದ ಒಂದು ಅಡ್ಡಗೆರೆ ಎಳೆದಳು. ಪರದೆಯಲ್ಲಿ ಅಲ್ಲಿ ಏನೂ ಇರಲಿಲ್ಲ, ಬರೀ ಬಿಳಿ.

"ಎಷ್ಟಾಗುತ್ತೆ?"

"ಮೂರು ಕಿಲೋಮೀಟರ್. ಅಲ್ಲಿಂದ ದೊಡ್ಡಿಗೆ ಐದು."

"ನಡಿ. ಸೂರ್ಯನ್ನ ಎಡಗೆನ್ನೆ ಮೇಲೆ ಇಟ್ಕೊ. ಮೂಗಿನ ಮೇಲೆ ಬಂದ್ರೆ ನಾನು ಹೇಳ್ತೀನಿ."

ನಾನು ಗಾಡಿ ಬಿಟ್ಟೆ. ಫೋನಿನ ಹೆಂಗಸು ಗಾಬರಿಯಾದಳು. "ಸಾಧ್ಯವಾದ ಕಡೆ ಹಿಂದಕ್ಕೆ ತಿರುಗಿ," ಎಂದಳು. ಮತ್ತೆ ಹೇಳಿದಳು. "ಸುಮ್ನಿರಮ್ಮ, ನಿನಗೆ ಗೊತ್ತಾಗಲ್ಲ," ಎಂದು ಅತ್ತೆ ಅವಳನ್ನು ತೊಡೆಯ ಮೇಲೆ ಇಟ್ಟುಕೊಂಡು ನೀಲಿ ಚುಕ್ಕೆಯನ್ನು ಮಾತ್ರ ನೋಡುತ್ತ ಕೂತಳು. "ಬಲಕ್ಕೆ. ಪೊದೆ ಬಳಸು. ಈಗ ಮತ್ತೆ ಕೆನ್ನೆಗೆ ತಗೋ." ಹೀಗೆ ಅರ್ಧ ಗಂಟೆ. ಬಿಳಿಯ ನಡುವೆ ಚುಕ್ಕೆ ಇರುವೆಯಂತೆ ಹರಿಯಿತು. ಆಮೇಲೆ ಒಂದು ಕಡೆ ಗೆರೆಯನ್ನು ಮುಟ್ಟಿತು. ಫೋನಿನ ಹೆಂಗಸು ಒಂದು ಕ್ಷಣ ಯೋಚಿಸಿ, "ಐದು ಕಿಲೋಮೀಟರ್ ನೇರವಾಗಿ ಹೋಗಿ," ಎಂದಳು.

"ಈಗ ದಾರಿಗೆ ಬಂದಳು," ಎಂದಳು ಅತ್ತೆ.

ಆ ಐದು ಕಿಲೋಮೀಟರ್ ನಾನು ನಾಲ್ಕು ವರ್ಷದ ಹಿಂದಿನ ಸಂಜೆಯೊಂದರ ಹಸಿವಿನ ಮೇಲೆ ಗಾಡಿ ಓಡಿಸುತ್ತಿದ್ದೆ. ಅವತ್ತು ಅಷ್ಟು ನೇರ ನಡೆದದ್ದು ನನಗೆ ಗೊತ್ತೇ ಇರಲಿಲ್ಲ.

ದೊಡ್ಡಿಯ ಬೇಲಿ ಕಂಡಾಗ ನಾಲ್ಕು ಗಂಟೆ. ಮಾವ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಕೋಟು ಹಾಕಿದ್ದ, ಟೋಪಿ ಇಟ್ಟಿದ್ದ, ಕಾಲ ಬಳಿ ಚೀಲ. ಕೋಟಿನ ನಡುವಿನ ಗುಂಡಿ ಇರಲಿಲ್ಲ, ಅಲ್ಲಿ ಒಂದು ಮುಳ್ಳು ಚುಚ್ಚಿದ್ದ.

ಸಮಯವಿಲ್ಲ ಎಂದು ಹೇಳುವಂತಿರಲಿಲ್ಲ. ಮೊದಲು ದುಮೆಲಾ ಆಯಿತು. ಅತ್ತೆಯ ಮಕ್ಕಳು ಹೇಗಿದ್ದಾರೆ, ಅವನ ದನಗಳು ಹೇಗಿವೆ, ಊರಲ್ಲಿ ಮಳೆಯ ಸುದ್ದಿ ಇದೆಯೇ, ಇಲ್ಲಿ ಇದೆಯೇ, ಎಲ್ಲ ಆಯಿತು. ಒಬ್ಬೊಬ್ಬರೂ ಒಂದೊಂದು ಬಟ್ಟಲು ಹುಳಿಹಾಲು ಕುಡಿದೆವು. ನಾನು ಸೂರ್ಯನನ್ನು ನೋಡುತ್ತ ಕುಡಿದೆ.

"ನಿನ್ನೆಯಿಂದ ಹಿಂಗೇ ಕೂತಿದ್ದೀನಿ," ಎಂದ ಮಾವ ಕೊನೆಗೆ. "ಇಂಜಿನ್ನಿನೋನು ಸುದ್ದಿ ಹೇಳಿದ. ಆದ್ರೆ ನೀವು ಆ ಕಡೆಯಿಂದ ಯಾಕೆ ಬಂದ್ರಿ? ಆ ಕಡೆ ದಾರೀನೇ ಇಲ್ಲವಲ್ಲ."

"ನಿನ್ನ ಅಳಿಯನ್ನ ಕೇಳು," ಎಂದಳು ಅತ್ತೆ.

ಮೂವರೂ ಮುಂದಿನ ಸೀಟಿನಲ್ಲೇ ಒತ್ತಿಕೊಂಡು ಕೂತೆವು. ಗಾಡಿ ಶುರುವಾದ ಕೂಡಲೇ ಫೋನು, "ಐನೂರು ಮೀಟರ್ ನಂತರ ಬಲಕ್ಕೆ ತಿರುಗಿ," ಎಂದಿತು. ಮಾವ ಸುತ್ತಲೂ ನೋಡಿದ.

"ಯಾರಿವಳು?"

"ದಾರಿ ಹೇಳೋಳು ಮಾವ. ಫೋನಿನೊಳಗೆ."

"ನನಗೆ ದುಮೆಲಾ ಹೇಳಲಿಲ್ಲವಲ್ಲ. ಪರಿಚಯ ಇಲ್ಲ, ಕ್ಷೇಮ ಕೇಳಲಿಲ್ಲ, ಬಾಯಿ ತೆಗೆದ ತಕ್ಷಣ ಬಲಕ್ಕೆ ಹೋಗು ಅಂತಾಳೆ. ಯಾರ ಮಗಳು? ಎಡಕ್ಕೆ ಹೋಗು ನೀನು."

ಎಡಕ್ಕೆ ಹೋದೆ. ಅಲ್ಲಿ ಎರಡು ಗಾಲಿಗುರುತುಗಳು, ಗಟ್ಟಿ ನೆಲದ ಮೇಲೆ, ಹಳೆಯ ಗೆಳೆಯರಂತೆ ಜೊತೆಜೊತೆಯಾಗಿ ಹೋಗುತ್ತಿದ್ದವು. ನಾನು ಫೋನಿನಲ್ಲಿ ಹೊಸ ದಾಖಲೆ ಶುರು ಮಾಡಿ, ಅವಳ ದನಿ ಅಡಗಿಸಿದೆ.

ಅತ್ತೆಗೆ ತಡೆಯಲಾಗಲಿಲ್ಲ. ಫೋನು ಕಿತ್ತು ಮಾವನ ಕಣ್ಣೆದುರು ಹಿಡಿದಳು. "ಈ ಉಂಡೆ ನೋಡು ರಮೊಗಾಪಿ. ಇದು ಏನು ಅಂತ ಹೇಳು ನೋಡೋಣ."

ನಾನು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದೆ. ಅವತ್ತು ಸಂಜೆ ಮಾವನಿಗೆ, ಇಡೀ ದಿನ ಕೂರದೆ ಹುಡುಕಿದೆ ಎಂದು ಹೇಳಿದ್ದೆ. ಅವನು ತಲೆಯಾಡಿಸಿ ಗಂಜಿ ಬಡಿಸಿದ್ದ. ಆ ಸುಳ್ಳು ಚಿಕ್ಕದೇ, ಆದರೆ ಆಮೇಲೆ ಅವನೆದುರು ಕೂತಾಗೆಲ್ಲ ನಮ್ಮಿಬ್ಬರ ನಡುವೆ ಬಂದು ಕೂರುತ್ತಿತ್ತು.

ಮಾವ ನಿಧಾನವಾಗಿ ನೋಡಿದ. ಬೇಲಿ ಯಾವುದು, ದೊಡ್ಡಿ ಯಾವುದು ಎಂದು ಕೇಳಿಕೊಂಡ. "ಇದು ಮೊಣಕೈ ಕೊಂಬೆ ಮರ," ಎಂದ. "ಫೆನ್ಯೊ ಮಲಗಿದ್ದ ಜಾಗ."

ಗಾಡಿ ಒಂದು ಸಲ ಕುಲುಕಿತು.

"ನಿನಗೆ ಹೆಂಗೆ ಗೊತ್ತು ಮಾವ?"

"ನೋಡಿದೆ. ನೀನು ಹೋದ ಮೇಲೆ ಕತ್ತೆ ನನಗೇ ಸಿಕ್ಕಿದ್ವು. ನಿನ್ನನ್ನ ಕರೆಯೋಣ ಅಂತ ಹೆಜ್ಜೆ ಹಿಡ್ಕೊಂಡು ಬಂದೆ. ನೋಡಿದ್ರೆ ಬಾಯಿ ತೆಕ್ಕೊಂಡು ಮಲಗಿದ್ದೆ. ಮೂರೂ ಕತ್ತೆ ನನ್ನ ಜೊತೇಲೇ ಇದ್ದವು. ಅವೂ ನೋಡಿದವು."

ಅತ್ತೆ ಮತ್ತೆ ತಲೆಯ ವಸ್ತ್ರಕ್ಕೆ ಕೈ ಹಾಕಿದಳು.

"ಎಬ್ಬಿಸಬೇಕಾಗಿತ್ತು," ಎಂದೆ.

"ಯಾಕೆ? ಪಟ್ಟಣದಲ್ಲಿ ಓದಿ ಓದಿ ಕಣ್ಣ ಕೆಳಗೆ ಕಪ್ಪಾಗಿತ್ತು ನಿನಗೆ. ಬಂದಾಗಿಂದ ನಿದ್ದೆ ಮಾಡಿರಲಿಲ್ಲ, ರಾತ್ರಿಯೆಲ್ಲ ಹೊರಳಾಡೋದು ಕೇಳಿಸ್ತಿತ್ತು. ಅವತ್ತು ಬಂದಿತ್ತು ನಿದ್ದೆ. ಕತ್ತೆಗಳಿಗೇನು, ಪರೀಕ್ಷೆ ಇತ್ತಾ?" ಅವನು ಕಿಟಕಿಯ ಹೊರಗೆ ನೋಡಿದ. "ನೆರಳು ನಿನ್ನ ಮುಖದಿಂದ ಸರಿಯಲ್ಲ ಅಂತ ಗೊತ್ತಾಗೋವರೆಗೂ ಕೂತಿದ್ದು ಹೋದೆ."

ಸ್ವಲ್ಪ ದೂರ ಹೋದ ಮೇಲೆ ಮಾವ, "ನಿಲ್ಸು, ಹುಳಿಹಾಲು," ಎಂದು ಇಳಿದು ಪೊದೆಯ ಹಿಂದೆ ಹೋಗಿ ಬಂದ. ನಲವತ್ತು ನಿಮಿಷಕ್ಕೆ ತಂತಿಬೇಲಿ ಬಂತು. ಹದಿನಾರು ಕಿಲೋಮೀಟರ್. ಗೇಟಿನ ಕಾವಲುಗಾರನ ಆಡುಗಳು ಇನ್ನೂ ಕ್ಷೇಮವಾಗಿದ್ದವು. ಸೂರ್ಯ ಮುಳುಗುವ ಹೊತ್ತಿಗೆ ನಾವು ಮನೆಯ ಅಂಗಳದಲ್ಲಿದ್ದೆವು. ಅಮ್ಮ ತಮ್ಮನ ಕೋಟಿನ ಮುಳ್ಳು ಕಿತ್ತು ಗುಂಡಿ ಹೊಲಿದಳು.

ಶನಿವಾರ ಬೆಳಗಿನ ಜಾವ ಬೊನೊಲೊಳ ಮನೆಯ ಗೇಟಿನ ಹೊರಗೆ ನಮ್ಮವರು ಸಾಲಾಗಿ ನಿಂತರು, ಕೋಟುಗಳು ಒಂದು ಕಡೆ, ಕಂಬಳಿಗಳು ಇನ್ನೊಂದು ಕಡೆ. ಮದುವೆಯಾಗದವರು ಆ ಸಾಲಿನಲ್ಲಿ ನಿಲ್ಲುವಂತಿಲ್ಲ, ಒಳಗೆ ಹೋಗುವಂತಿಲ್ಲ. ಹಾಗಾಗಿ ನಾನು ಪಿಕಪ್ಪಿನ ಹತ್ತಿರವೇ ಉಳಿದೆ. ಮದುವಣಿಗ ಅಣ್ಣನೂ ಬರುವಂತಿಲ್ಲ. ಮನೆಯಲ್ಲಿದ್ದ, ಫೋನು ಹಿಡಿದುಕೊಂಡು. ಆಗಲೇ ಆರು ಸಲ ಮೆಸೇಜು ಕಳಿಸಿದ್ದ: ಏನಾಯ್ತು?

ಮುದುಕ ಬಂದ. ಮುಖಗಳನ್ನು ನೋಡುತ್ತ ಬಂದ. "ಹುಡುಗನ ಸೋದರಮಾವ ಎಲ್ಲಿ?"

"ಇಲ್ಲಿದ್ದೀನಿ ಹಿರಿಯರೇ," ಎಂದ ಮಾವ. "ಒಂದು ಸೋರೆಬುರುಡೆ ನೀರು ಕೇಳೋಕೆ ಬಂದಿದ್ದೀವಿ." ಹೆಣ್ಣು ಕೇಳುವಾಗ ಹೇಳಬೇಕಾದ ಮಾತೇ ಅದು.

ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿದ, ಹೊಸ ಗುಂಡಿಯವರೆಗೆ. ಗೇಟು ತೆರೆಯಿತು. ಎಲ್ಲರೂ ಒಳಗೆ ಹೋದರು. ಗೇಟು ಮುಚ್ಚಿತು.

ಆಮೇಲೆ ಏನೂ ಕೇಳಿಸಲಿಲ್ಲ. ಬೇಲಿಯ ಒಳಗೆ ನಮ್ಮವರು ನೆಲದ ಮೇಲೆ ಕೂತಿರುತ್ತಾರೆ, ಅವರು ಕುರ್ಚಿಗಳ ಮೇಲೆ, ಮಾತಾಡಲು ಯಾರಿಗೂ ಅವಸರವಿರುವುದಿಲ್ಲ. ನನಗೆ ಮೌನ ಇಷ್ಟ. ಆದರೆ ಅದು ಅಷ್ಟು ಉದ್ದವಾಗಿರಬಹುದೆಂದು ಗೊತ್ತಿರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು. ಫೋನು ತೆಗೆದು ನಕಾಶೆಯಿಂದ ಕತ್ತೆಯ ದಾರಿಯನ್ನು ಅಳಿಸಿದೆ, ಇನ್ನೊಬ್ಬರು ಅದರಲ್ಲಿ ಸುತ್ತಬಾರದಲ್ಲ. ಹೊಸ ಗೆರೆಯನ್ನು ಸೇರಿಸಿದೆ. ಮಾವ ಪೊದೆಯ ಹಿಂದೆ ಹೋದ ಜಾಗದಲ್ಲಿ ಅದು ಚಿಕ್ಕದಾಗಿ ಗಂಟು ಬಿದ್ದಿತ್ತು. ಬಿಡಿಸಿ ನೇರ ಮಾಡಿದೆ. ಹಳೆಯ ಉಂಡೆ ಇದ್ದ ಕಡೆ ಒಂದು ಮರದ ಗುರುತು ಮಾತ್ರ ಇಟ್ಟು, ಹೆಸರಿನ ಜಾಗದಲ್ಲಿ 'ಒಳ್ಳೆಯ ನೆರಳು' ಎಂದು ಬರೆದೆ.

ಆಗ ಒಳಗಿನಿಂದ ಹೆಂಗಸರು ನಾಲಿಗೆ ಹೊರಳಿಸಿ ಖುಷಿಗೆ ಕೂಗುವ ಉಲುಲು ಎದ್ದಿತು. ಮೊದಲು ಒಂದೇ ದನಿ, ಅತ್ತೆಯದು. ಆಮೇಲೆ ಎರಡೂ ಕಡೆಯವರದು ಸೇರಿ ಇಡೀ ಬೀದಿಯ ಕೋಳಿಗಳು ಎದ್ದವು. ನಾನು ಅಣ್ಣನಿಗೆ ಫೋನು ಮಾಡಿ, ಏನೂ ಹೇಳದೆ, ಗೇಟಿನ ಕಡೆ ಹಿಡಿದೆ. ಅವನು ಆ ಕಡೆಯಿಂದ ಐದು ತಿಂಗಳ ಮಾತನ್ನೆಲ್ಲ ಒಂದೇ ಸಲ ಆಡಿದ. ಏನು ಹೇಳಿದನೋ ಅರ್ಥವಾಗಲಿಲ್ಲ.

ಬಿಸಿಲು ಬಂದ ಮೇಲೆ ಮಾವ ಹೊರಬಂದು, ಕೋಟು ಬಿಚ್ಚಿ ಮಡಚಿ, ಮುಂದಿನ ಸೀಟಿನಲ್ಲಿ ಕೂತ. ನಾನು ಫೋನನ್ನು ಗಾಳಿಕಿಂಡಿಗೆ ಕಟ್ಟುವಾಗ ಬೆರಳು ತಾಗಿ ಆಕೆ ಎಚ್ಚರಗೊಂಡಳು. "ಉತ್ತರ ದಿಕ್ಕಿಗೆ ಹೊರಡಿ," ಎಂದಳು.

ಮಾವ ಟೋಪಿ ತೆಗೆದ. "ದುಮೆಲಾ, ಮಗಳೇ," ಎಂದು ಹೇಳಿ, ಉತ್ತರಕ್ಕಾಗಿ ಕಾದ.

"ಉತ್ತರ ದಿಕ್ಕಿಗೆ ಹೊರಡಿ."

"ಪಾಪ," ಎಂದ ಮಾವ, ಟೋಪಿ ಮತ್ತೆ ಇಟ್ಟುಕೊಳ್ಳುತ್ತ. "ಇವಳನ್ನ ಹೆಣ್ಣು ಕೇಳೋಕೆ ಯಾರೂ ಇಷ್ಟು ಬೇಗ ಎದ್ದು ಬರಲ್ಲ."